ಪಂಚನಹಳ್ಳಿಯ ವಿಜಯ್, ಪಡುಗೆರೆಯ ತಬರ

2015ರ ಮಾರ್ಚ್ 24ರಂದು ದೆಹಲಿಯಲ್ಲಿ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿತ್ತು. ಕಥಾಚಿತ್ರಗಳ ತೀರ್ಪುಗಾರರ ಮಂಡಳಿಗೆ ತಮಿಳಿನ ಹಿರಿಯ ನಿರ್ದೇಶಕ ಭಾರತಿರಾಜ ಅಧ್ಯಕ್ಷರು. ‘ಕ್ವೀನ್’ ಚಿತ್ರದ ಕಂಗನಾ ರನೌತ್ ಅತ್ಯುತ್ತಮ ನಟಿ. ಅತ್ಯುತ್ತಮ ನಟ ಯಾರು ಎಂದು ನೋಡಿದರೆ ಅಲ್ಲಿದ್ದ ಹೆಸರು ಕನ್ನಡಿಗರಲ್ಲೇ ಬಹುಪಾಲು ಜನ ಕೇಳಿರದ್ದು: ಸಂಚಾರಿ ವಿಜಯ್. ಚಿತ್ರ ‘ನಾನು ಅವನಲ್ಲ... ಅವಳು’. ಅದು ಇನ್ನೂ ಚಿತ್ರಮಂದಿರಕ್ಕೇ ಬಂದಿರಲಿಲ್ಲ. ಬಿಡುಗಡೆಯಾದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ.

ಕನ್ನಡ ಚಿತ್ರವೊಂದರ ನಟನೆಗೆ ಈ ಪ್ರಶಸ್ತಿ ಬಂದು ಆಗಲೇ ಇಪ್ಪತ್ತೆಂಟು ವರ್ಷ ಕಳೆದಿತ್ತು. ಎಪ್ಪತ್ತರ ದಶಕದಿಂದ ಲೆಕ್ಕ ಹಾಕಿದರೂ ವಿಜಯ್ ಮೂರನೆಯವರು. ಮೊದಲನೆಯವರು 1975ರ ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್. ಎರಡನೆಯವರು 1986ರ ‘ತಬರನ ಕಥೆ’ಯ ಚಾರುಹಾಸನ್. ಮೂವರಲ್ಲಿ ಒಬ್ಬರೂ ತಾರೆಯಲ್ಲ. ಯಾರ ಕಟೌಟೂ ಚಿತ್ರಮಂದಿರದ ಮುಂದೆ ಎದ್ದು ನಿಂತದ್ದಿಲ್ಲ, ಯಾರ ಕಟೌಟಿಗೂ ಹಾಲಿನ ಅಭಿಷೇಕ ಆಗಿಲ್ಲ. ಮೂವರೂ ಪೋಷಕ ನಟರ ಸಾಲಿನಿಂದ ಬಂದವರು. ಕಥೆಗೆ ಅಪ್ಪ ಬೇಕೆಂದರೆ ಅಪ್ಪ, ಪೂಜಾರಿ ಬೇಕೆಂದರೆ ಪೂಜಾರಿ, ಜವಾನ ಬೇಕೆಂದರೆ ಜವಾನ ಆಗುವವರು. ಅಂಥವರ ಹೆಗಲ ಮೇಲೆ ಅಪರೂಪಕ್ಕೆ ಇಡೀ ಚಿತ್ರದ ಭಾರ ಬಿತ್ತು. ಅವರು ಹೊತ್ತರು.

ಈ ಮೂರು ಚಿತ್ರಗಳಿಗೂ ಚಿಕ್ಕಮಗಳೂರಿನ ಸೀಮೆಗೂ ಒಂದಲ್ಲ ಒಂದು ನಂಟಿದೆ. ಶಿವರಾಮ ಕಾರಂತರ ಚೋಮ ತೀರಿಸಲಾಗದ ಸಾಲಕ್ಕಾಗಿ ಮಕ್ಕಳನ್ನು ಕಳಿಸುವುದು ಘಟ್ಟದ ಮೇಲಿನ ಕಾಫಿ ತೋಟಕ್ಕೆ. ತಬರ ಹುಟ್ಟಿದ್ದು ಮೂಡಿಗೆರೆಯ ಕಾಫಿ ಬೆಳೆಗಾರ ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯಲ್ಲಿ. ವಿಜಯ್ ಹುಟ್ಟಿದ್ದು ಇದೇ ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ.

ಒಂದೇ ಜಿಲ್ಲೆ, ಎರಡು ಸೀಮೆ

ಚಿಕ್ಕಮಗಳೂರು ಜಿಲ್ಲೆ ಎಂದ ಕೂಡಲೇ ಹೊರಗಿನವರ ಕಣ್ಣಿಗೆ ಕಟ್ಟುವುದು ಹಸಿರು: ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಮೂಡಿಗೆರೆಯ ತೋಟಗಳು, ಭದ್ರೆಯ ದಡದ ಕಳಸ, ಮೋಡ ಮುಸುಕಿದ ಕೊಟ್ಟಿಗೆಹಾರ. ಆದರೆ ಗಿರಿಶ್ರೇಣಿಯನ್ನು ದಾಟಿ ಪೂರ್ವಕ್ಕೆ ಇಳಿದರೆ ಮಳೆ ಹಿಂದೆಯೇ ಉಳಿಯುತ್ತದೆ. ಕಡೂರು ಬಯಲುಸೀಮೆ. ರಾಗಿ, ತೆಂಗು, ಕುರಿ, ಕೆರೆ ತುಂಬೀತೇ ಎಂಬ ಕಾತರ, ಇವು ಅಲ್ಲಿನ ಬದುಕು. ಕಳಸದಲ್ಲಿ ಕೊಡೆ ಮಡಚಲು ಬಿಡದ ಜೂನ್ ತಿಂಗಳಲ್ಲಿ ಪಂಚನಹಳ್ಳಿಯ ರೈತ ಮುಗಿಲು ನೋಡುತ್ತಾ ಕೂತಿರಬಹುದು. ಪಂಚನಹಳ್ಳಿ ಇರುವುದು ಕಡೂರಿನಿಂದ ಹುಳಿಯಾರಿನ ಕಡೆಗೆ, ಜಿಲ್ಲೆಯ ಅಂಚಿನಲ್ಲಿ.

ಈ ಜಿಲ್ಲೆ ಸಿನಿಮಾಕ್ಕೆ ಕೊಟ್ಟದ್ದು ಬರೀ ಹಾಡಿನ ಹಿನ್ನೆಲೆಯನ್ನಲ್ಲ. 1974ರಲ್ಲಿ ಬಿಡುಗಡೆಯಾದ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಚಿತ್ರೀಕರಣವಾದದ್ದು ಚಿಕ್ಕಮಗಳೂರು ಬಳಿಯ ಕಳಸಾಪುರದಲ್ಲಿ. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಲೋಕೇಶ್, ವಿಷ್ಣುವರ್ಧನ್ ಅವರಂಥ ನಾಯಕರಿದ್ದರೂ ಆ ಚಿತ್ರ ನೋಡಿದವರು ಇವತ್ತಿಗೂ ಮೊದಲು ನೆನೆಯುವುದು ಭೂತಯ್ಯನಾದ ಎಂ.ಪಿ. ಶಂಕರ್ ಅವರನ್ನು, ಉಪ್ಪಿನಕಾಯಿಯ ದೃಶ್ಯದ ಲೋಕನಾಥ್ ಅವರನ್ನು. ಶಂಕರ್ ಮೈಸೂರಿನ ಗರಡಿಯಲ್ಲಿ ಪಳಗಿದ ಪೈಲ್ವಾನರು. ಲೋಕನಾಥ್ ಬೆಂಗಳೂರಿನ ಹವ್ಯಾಸಿ ರಂಗಭೂಮಿಯವರು. ಕೆಲವೇ ನಿಮಿಷದ ಆ ಉಪ್ಪಿನಕಾಯಿ ಪ್ರಸಂಗ ಲೋಕನಾಥರಿಗೆ ಬದುಕಿಡೀ ಅಂಟಿಕೊಂಡಿತು. 2018ರ ಕೊನೆಯ ದಿನ ಅವರು ತೀರಿಕೊಂಡಾಗಲೂ ಜನ ಸ್ಮರಿಸಿದ್ದು ಅದನ್ನೇ. ಪೋಷಕ ನಟನ ಶಕ್ತಿಯೂ ಸಂಕಟವೂ ಇಲ್ಲೇ ಇದೆ. ಅವನಿಗೆ ಸಿಗುವ ಜಾಗ ಕಿರಿದು. ಆ ಕಿರಿದರಲ್ಲಿ ಗೆದ್ದರೆ ಮುಂದೆ ಬದುಕಿಡೀ ಅಷ್ಟೇ ಅವನ ಗುರುತು.

ಕಾಫಿ ಕಂದಾಯದ ಜವಾನ

ತೇಜಸ್ವಿಯವರು ಮೈಸೂರಿನಲ್ಲಿ ಎಂ.ಎ. ಮುಗಿಸಿ ಮೂಡಿಗೆರೆಗೆ ಬಂದು ತೋಟ ಮಾಡಿದವರು. ಅವರ ‘ಅಬಚೂರಿನ ಪೋಸ್ಟಾಫೀಸು’ 1973ರ ಸಂಕಲನ. ಅದೇ ಹೆಸರಿನ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ ಆಗಲೇ ತೆರೆಗೆ ತಂದರು. ‘ತಬರನ ಕಥೆ’ಯೂ ಆ ಸಂಕಲನದ್ದೇ. ಊರಿನ ಹೆಸರು ಪಡುಗೆರೆ. ಹೆಸರು ಕಲ್ಪನೆಯದಾದರೂ ಅಲ್ಲಿನ ಕಚೇರಿ, ಸಾಹುಕಾರರು, ಮಳೆ, ಕಾಫಿ ಎಲ್ಲವೂ ಮೂಡಿಗೆರೆ ಕಡೆಯವರಿಗೆ ನೋಡಿದ ಮುಖಗಳೇ.

ತಬರ ಸೆಟ್ಟಿ ಸರ್ಕಾರದ ತೀರಾ ಕೆಳಗಿನ ನೌಕರ. ಬ್ರಿಟಿಷರ ಕಾಲದಲ್ಲಿ ಕೆಲಸಕ್ಕೆ ಸೇರಿ ಸ್ವಾತಂತ್ರ್ಯದ ನಂತರವೂ ಸರ್ಕಾರವೆಂದರೆ ದೇವರು ಎಂದು ನಂಬಿದವನು. ಕಾಫಿಯ ಮೇಲಿನ ಕಂದಾಯ ವಸೂಲಿಯ ಕೆಲಸ ಅವನ ತಲೆಗೆ ಬರುತ್ತದೆ. ದೊಡ್ಡ ಬೆಳೆಗಾರರು ಕೊಡಲೊಲ್ಲರು, ಮೇಲಿನವರು ಬಿಡಲೊಲ್ಲರು. ಲೆಕ್ಕ ಕೂಡಿಬರದ ಹೊಣೆ ಕೊನೆಗೆ ಬೀಳುವುದು ತಬರನ ಮೇಲೆ. ನಿವೃತ್ತನಾದ ಮೇಲೆ ಪಿಂಚಣಿಯ ಕಾಗದ ಮೇಜಿಂದ ಮೇಜಿಗೆ ಅಲೆಯುತ್ತದೆ. ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಾ ಹೋಗುತ್ತದೆ. ಕಾಲು ತೆಗೆಸಲು ದುಡ್ಡಿಲ್ಲ. ಪಿಂಚಣಿ ಬರುವ ಹೊತ್ತಿಗೆ ಹೆಂಡತಿ ಇಲ್ಲ, ತಬರನ ಬುದ್ಧಿಯೂ ಸ್ಥಿಮಿತದಲ್ಲಿಲ್ಲ.

ಗಿರೀಶ ಕಾಸರವಳ್ಳಿ ಈ ಕಥೆಯನ್ನು ಚಿತ್ರ ಮಾಡಲು ಹೊರಟಾಗ ತಬರನಾಗಿ ಆರಿಸಿಕೊಂಡದ್ದು ಕನ್ನಡದವರನ್ನಲ್ಲ, ಪರಮಕುಡಿಯ ವಕೀಲರೊಬ್ಬರನ್ನು. ಚಾರುಹಾಸನ್ ಕಮಲಹಾಸನ್ ಅವರ ಅಣ್ಣ, ಸುಹಾಸಿನಿಯವರ ತಂದೆ. ತಮ್ಮ ಬಾಲನಟನಾಗಿ ಹೆಸರು ಮಾಡಿ ನಾಯಕನಾಗಿ ಬೆಳೆದು ನಿಂತ ಮೇಲೆ ಅಣ್ಣ ಕ್ಯಾಮೆರಾ ಮುಂದೆ ಬಂದದ್ದು. 1979ರಲ್ಲಿ ಮಹೇಂದ್ರನ್ ಅವರ ‘ಉದಿರಿಪ್ಪೂಕ್ಕಳ್’ ಮೂಲಕ ಬಂದಾಗ ಅವರು ನಡುವಯಸ್ಸು ದಾಟುತ್ತಿದ್ದರು. ಕೋರ್ಟಿನಲ್ಲಿ ಕಕ್ಷಿದಾರರ ಅಸಹಾಯಕ ಮುಖಗಳನ್ನು ಹತ್ತಿರದಿಂದ ಕಂಡವರು.

ತಬರನಾಗಿ ಅವರು ಮಾಡಿದ್ದೇನು? ಅಳಲಿಲ್ಲ, ಅರಚಲಿಲ್ಲ. ಬೆನ್ನನ್ನು ಸ್ವಲ್ಪ ಬಗ್ಗಿಸಿದರು. ಅಧಿಕಾರಿಯ ಮುಂದೆ ನಿಂತಾಗ ಕೈಗಳಿಗೆ ಎಲ್ಲಿರಬೇಕೆಂದು ತಿಳಿಯದಂತೆ ನಿಂತರು. ಕಟುಕನ ಅಂಗಡಿಗೆ ಹೋಗಿ ನನ್ನ ಹೆಂಡತಿಯ ಕಾಲು ಕತ್ತರಿಸಿ ಕೊಡು ಎಂದು ಬೇಡುವ ದೃಶ್ಯದಲ್ಲೂ ಅವರ ದನಿಯಲ್ಲಿ ನಾಟಕವಿಲ್ಲ. ಕಚೇರಿಯಲ್ಲಿ ಅರ್ಜಿ ಕೊಡುವ ಅದೇ ವಿನಯದಲ್ಲಿ ಅವನು ಕೇಳುತ್ತಾನೆ. ನೋಡುವವರ ಕರುಳು ಹಿಂಡುವುದು ಆ ವಿನಯವೇ. ಹೆಂಡತಿಯ ಪಾತ್ರದಲ್ಲಿ ನಳಿನಾ ಮೂರ್ತಿ ಅಷ್ಟೇ ಸಂಯಮದಿಂದ ಅವರಿಗೆ ಜೊತೆ ಕೊಟ್ಟರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ. 1985ರ ಪ್ರಶಸ್ತಿಗಳಲ್ಲಿ ‘ಸಿಂಧು ಭೈರವಿ’ಗಾಗಿ ಮಗಳು ಸುಹಾಸಿನಿ, 1986ರದರಲ್ಲಿ ‘ತಬರನ ಕಥೆ’ಗಾಗಿ ತಂದೆ, 1987ರದರಲ್ಲಿ ‘ನಾಯಗನ್’ಗಾಗಿ ತಮ್ಮ ಕಮಲಹಾಸನ್. ಒಂದೇ ಮನೆಗೆ ಸಾಲಾಗಿ ಮೂರು ವರ್ಷ ನಟನೆಯ ರಾಷ್ಟ್ರಪ್ರಶಸ್ತಿ. ಮುಂದೆ ಸದಾನಂದ ಸುವರ್ಣ ಅವರು ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ವನ್ನು ತೆರೆಗೆ ತಂದಾಗಲೂ ಚಾರುಹಾಸನ್ ಮತ್ತೆ ಕನ್ನಡಕ್ಕೆ ಬಂದರು.

ಅವರಿಗಿಂತ ಮೊದಲು ಪ್ರಶಸ್ತಿ ಪಡೆದ ವಾಸುದೇವರಾಯರದು ಇನ್ನೂ ದೀರ್ಘ ಕಾಯುವಿಕೆ. ಕಂಪನಿ ನಾಟಕಗಳಲ್ಲಿ ಪಳಗಿ, ಸಿನಿಮಾದಲ್ಲಿ ವರ್ಷಗಟ್ಟಲೆ ಚಿಕ್ಕಪುಟ್ಟ ಪಾತ್ರ ಮಾಡಿಕೊಂಡಿದ್ದವರಿಗೆ ಬಿ.ವಿ. ಕಾರಂತರು ಚೋಮನನ್ನು ಕೊಟ್ಟರು. ಅದನ್ನು ಕಂಡ ಮೃಣಾಲ್ ಸೇನ್ 1977ರಲ್ಲಿ ತಮ್ಮ ತೆಲುಗು ಚಿತ್ರ ‘ಒಕ ಊರಿ ಕಥ’ಕ್ಕೆ ಅವರನ್ನೇ ಕರೆದರು.

ಸಂಚಾರಿಯ ಹುಡುಗ

ವಿಜಯ್ ಹುಟ್ಟಿದ್ದು 1983ರ ಜುಲೈ 17ರಂದು. ಮನೆಯವರು ಇಟ್ಟ ಹೆಸರು ವಿಜಯ್ ಕುಮಾರ್. ಓದು ಅವರನ್ನು ಬೆಂಗಳೂರಿಗೆ ಕರೆತಂದಿತು. ಕೆಲಕಾಲ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದರು. ತಿಂಗಳ ಸಂಬಳದ ಆ ದಾರಿ ನೆಮ್ಮದಿಯದು. ಅದನ್ನು ಬಿಟ್ಟು ಅವರು ರಂಗಭೂಮಿಗೆ ಬಂದರು.

ಎನ್. ಮಂಗಳಾ ಮತ್ತು ಗೆಳೆಯರು ಕಟ್ಟಿದ ‘ಸಂಚಾರಿ ಥಿಯೇಟರ್’ ಅವರಿಗೆ ಶಾಲೆಯಾಯಿತು. ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ನಟನೆಂದರೆ ಸಂಜೆಯ ಎರಡು ಗಂಟೆಯ ಬೆಳಕು ಮಾತ್ರವಲ್ಲ. ಪರದೆ ಕಟ್ಟಬೇಕು, ಸಾಮಾನು ಹೊರಬೇಕು, ಬೇರೆಯವರ ಮಾತಿಗೆ ಹಿಂದೆ ನಿಂತು ದನಿಗೂಡಿಸಬೇಕು, ಟಿಕೆಟ್ ಮಾರಬೇಕು. ತಂಡದ ಹೆಸರನ್ನು ವಿಜಯ್ ಕೊನೆಯವರೆಗೂ ತಮ್ಮ ಹೆಸರಿನ ಮುಂದೆ ಹೊತ್ತರು.

ಸಿನಿಮಾಕ್ಕೆ ಬಂದದ್ದು 2011ರ ‘ರಂಗಪ್ಪ ಹೋಗ್ಬಿಟ್ನಾ’ ಚಿತ್ರದ ಮೂಲಕ. ಆಮೇಲೆ ‘ದಾಸವಾಳ’, ಪ್ರಕಾಶ್ ರೈ ಅವರ ‘ಒಗ್ಗರಣೆ’ ಹೀಗೆ ಬಂದ ಪಾತ್ರಗಳಲ್ಲಿ ಕಾಣಿಸಿಕೊಂಡರು. ಕಪ್ಪು ಮೈಬಣ್ಣ, ತೆಳು ದೇಹ, ಊರಿನ ಯಾವ ಬಸ್‌ಸ್ಟ್ಯಾಂಡಿನಲ್ಲಾದರೂ ಕಾಣಬಹುದಾದ ಮುಖ. ಗಾಂಧಿನಗರದ ಲೆಕ್ಕದಲ್ಲಿ ನಾಯಕನ ಗೆಳೆಯನ ಪಾತ್ರಕ್ಕೆ ಸರಿ ಎನ್ನಿಸುವ ಮುಖ. ಆದರೆ ಅದೇ ಮುಖಕ್ಕಾಗಿ ಇಬ್ಬರು ನಿರ್ದೇಶಕರು ಹುಡುಕುತ್ತಿದ್ದರು.

ಟ್ರಂಕಿನ ಪಕ್ಕ ಕೂತ ಅಪ್ಪ

ಮೊದಲನೆಯವರು ಮಂಸೋರೆ. ಅವರ ‘ಹರಿವು’ ಚಿತ್ರದ ಮೂಲ ಮಕ್ಕಳ ವೈದ್ಯೆ ಡಾ. ಆಶಾ ಬೆನಕಪ್ಪ ಬರೆದ ನಿಜ ಘಟನೆ. ಉತ್ತರ ಕರ್ನಾಟಕದ ಬಡ ರೈತ ಶರಣಪ್ಪ ಕಾಯಿಲೆಯ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತರುತ್ತಾನೆ. ಮಗ ಉಳಿಯುವುದಿಲ್ಲ. ಹೆಣವನ್ನು ಊರಿಗೆ ಒಯ್ಯಲು ವಾಹನ ಮಾಡುವಷ್ಟು ದುಡ್ಡು ಅವನ ಹತ್ತಿರ ಇಲ್ಲ. ಒಂದು ಟ್ರಂಕು ಕೊಂಡು, ಮಗುವನ್ನು ಅದರಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾನೆ.

ಇಂಥ ಪ್ರಸಂಗ ನಟನಿಗೆ ದೊಡ್ಡ ಬಲೆ. ಎರಡು ಹನಿ ಕಣ್ಣೀರಿಗೆ ಚಪ್ಪಾಳೆ ಗ್ಯಾರಂಟಿ ಎಂದು ಗೊತ್ತಿದ್ದಾಗ ಅಳದೆ ಇರುವುದು ಕಷ್ಟ. ವಿಜಯ್ ಶರಣಪ್ಪನನ್ನು ಅಳಿಸುವುದಿಲ್ಲ. ಟ್ರಂಕು ಹೊತ್ತ ಅಪ್ಪನಿಗೆ ದುಃಖಕ್ಕಿಂತ ಮುಂಚೆ ಭಯವಿದೆ. ಯಾರಾದರೂ ಕೇಳಿದರೆ? ಕಂಡಕ್ಟರ್ ತೆಗೆದು ತೋರಿಸು ಅಂದರೆ? ಆ ಭಯ ಅವರ ಭುಜದಲ್ಲಿ, ಟ್ರಂಕಿನ ಮೇಲೆ ಇಟ್ಟ ಅಂಗೈಯಲ್ಲಿ, ಎತ್ತಲೂ ನಿಲ್ಲದ ನೋಟದಲ್ಲಿ ಕಾಣುತ್ತದೆ. ಬಡವನಿಗೆ ಅಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ ಎಂಬುದನ್ನು ಸಂಭಾಷಣೆ ಹೇಳದೆ ನಟ ಹೇಳಿದ. ಪಡುಗೆರೆಯ ತಬರನಿಗೂ ಈ ಶರಣಪ್ಪನಿಗೂ ನಡುವೆ ಹತ್ತಿರಹತ್ತಿರ ಮೂರು ದಶಕಗಳ ಅಂತರವಿದೆ. ಒಬ್ಬನಿಗೆ ಕಚೇರಿ, ಇನ್ನೊಬ್ಬನಿಗೆ ಆಸ್ಪತ್ರೆ. ಬಾಗಿಲಲ್ಲಿ ನಿಂತು ಕಾಯುವ ಭಂಗಿ ಮಾತ್ರ ಒಂದೇ.

62ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಗಿ ಆಯ್ಕೆಯಾದದ್ದು ಇದೇ ‘ಹರಿವು’. ಅಂದರೆ ಆ ವರ್ಷ ಕನ್ನಡಕ್ಕೆ ಬಂದ ಎರಡು ದೊಡ್ಡ ಗೌರವಗಳಲ್ಲೂ ಪಂಚನಹಳ್ಳಿಯ ಹುಡುಗನ ಬೆವರಿತ್ತು.

ಮಾದೇಶ ವಿದ್ಯಾ ಆದದ್ದು

ಎರಡನೆಯವರು ಬಿ.ಎಸ್. ಲಿಂಗದೇವರು. ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ತಮ್ಮ ಬದುಕನ್ನು ತಾವೇ ಬರೆದಿದ್ದರು. ಆ ಆತ್ಮಕಥೆ ಡಾ. ತಮಿಳ್ ಸೆಲ್ವಿ ಅವರ ಅನುವಾದದಲ್ಲಿ ಕನ್ನಡಕ್ಕೆ ಬಂದಿತ್ತು. ಗಂಡಾಗಿ ಹುಟ್ಟಿ, ಒಳಗೆ ಹೆಣ್ಣೆಂದು ಅರಿತು, ಅಪ್ಪನ ಏಟು, ಊರಿನ ಗೇಲಿ, ಮನೆಬಿಟ್ಟ ಒಂಟಿತನ, ಭಿಕ್ಷೆ, ಶಸ್ತ್ರಚಿಕಿತ್ಸೆಯ ನೋವು ಎಲ್ಲವನ್ನೂ ದಾಟಿ ಮರ್ಯಾದೆಯ ಕೆಲಸವೊಂದಕ್ಕಾಗಿ ಹೋರಾಡಿದ ಹೆಣ್ಣಿನ ಕಥೆ. ಚಿತ್ರದಲ್ಲಿ ಅವಳು ಮಾದೇಶನಾಗಿ ಹುಟ್ಟಿ ವಿದ್ಯಾ ಆಗುತ್ತಾಳೆ.

ಕಾಲವೂ ಮುಖ್ಯ. ಲಿಂಗತ್ವ ಅಲ್ಪಸಂಖ್ಯಾತರನ್ನು ಮೂರನೇ ಲಿಂಗವೆಂದು ಗುರುತಿಸಿ, ಅವರಿಗೂ ಸಂವಿಧಾನದ ಎಲ್ಲ ಹಕ್ಕುಗಳಿವೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2014ರ ಏಪ್ರಿಲ್ 15ರಂದು. ಆವರೆಗೆ ಜನಪ್ರಿಯ ಸಿನಿಮಾ ಈ ಸಮುದಾಯವನ್ನು ಬಳಸಿಕೊಂಡದ್ದು ಹೆಚ್ಚಾಗಿ ನಗಿಸುವುದಕ್ಕೆ. ಗಂಡಸು ಸೀರೆ ಉಟ್ಟು ಸೊಂಟ ಬಳುಕಿಸಿದರೆ ಚಿತ್ರಮಂದಿರ ನಗುತ್ತಿತ್ತು. ನಕ್ಕವರ ಪಕ್ಕದ ಕುರ್ಚಿಯಲ್ಲಿ ಮಾದೇಶನಂಥ ಒಂದು ಮಗು ಕೂತಿದ್ದರೆ ಅದರ ಪಾಡೇನು ಎಂದು ಯಾರೂ ಕೇಳಿರಲಿಲ್ಲ.

ವಿಜಯ್ ಸಮುದಾಯದವರ ಜೊತೆ ಬೆರೆತು ಪಾತ್ರಕ್ಕೆ ಸಿದ್ಧರಾದರು. ತೆರೆಯ ಮೇಲೆ ಕಂಡದ್ದು ಅನುಕರಣೆಯಲ್ಲ. ಮೊದಲ ಭಾಗದ ಮಾದೇಶನಲ್ಲಿ ಹೆಣ್ಣುತನ ಅಡಗಿಕೊಂಡಿದೆ, ಅವನು ಅದನ್ನು ಮುಚ್ಚಿಡಲು ಹೆಣಗುತ್ತಾನೆ. ಯಾರಾದರೂ ನೋಡುತ್ತಿದ್ದಾರೆ ಎಂದಾಗ ಕೈ ಬಿಗಿಯಾಗುತ್ತದೆ, ಒಬ್ಬನೇ ಇದ್ದಾಗ ಅದೇ ಕೈ ಸಡಿಲವಾಗುತ್ತದೆ. ವಿದ್ಯಾ ಆದ ಮೇಲೆ ಆ ಹೆಣಗಾಟ ಮೈಯಿಂದ ಇಳಿಯುತ್ತದೆ, ಜಗತ್ತಿನ ಜೊತೆಗಿನ ಹೆಣಗಾಟ ಶುರುವಾಗುತ್ತದೆ. ಒಂದೇ ಮೈಯಲ್ಲಿ ಬಿಗಿತದಿಂದ ಬಿಡುಗಡೆಯತ್ತ ಸಾಗುವ ಈ ಪಯಣವನ್ನು ಇಂಚಿಂಚಾಗಿ ಕಟ್ಟುವುದು ಬಲ್ಲವರ ಕೆಲಸ. ಮೇಕಪ್ಪಿಗಾಗಿ ನಾಗರಾಜು ಮತ್ತು ರಾಜು ಅವರಿಗೂ ಅದೇ ವರ್ಷ ರಾಷ್ಟ್ರಪ್ರಶಸ್ತಿ ಬಂತು. ಅವರ ಕೈಯ ಬಣ್ಣ ಮುಖವನ್ನು ಬದಲಿಸಿತು, ನೋಟವನ್ನು ಬದಲಿಸಿದ್ದು ನಟ.

2015ರ ಮೇ 3ರಂದು ದೆಹಲಿಯಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಪ್ರಶಸ್ತಿ ಪ್ರದಾನ ಮಾಡಿದರು. ವಿಜಯ್ ಅವರಿಗೆ ಆಗ ಮೂವತ್ತೊಂದು ವರ್ಷ. ಪ್ರಶಸ್ತಿ ಕೊಟ್ಟ ಮಂಡಳಿಯ ಭಾರತಿರಾಜರೇ 1987ರಲ್ಲಿ ತಮ್ಮ ‘ವೇದಂ ಪುದಿದು’ ಚಿತ್ರದಲ್ಲಿ ಚಾರುಹಾಸನ್ ಅವರಿಗೆ ಮುಖ್ಯ ಪಾತ್ರ ಕೊಟ್ಟಿದ್ದವರು.

ಪ್ರಶಸ್ತಿಯ ಆಚೆ

ದೇಶದ ಅತ್ಯುತ್ತಮ ನಟ ಎನ್ನಿಸಿಕೊಂಡ ಮೇಲೆ ಬಾಗಿಲುಗಳು ತಾವಾಗಿ ತೆರೆಯಬೇಕಿತ್ತು. ತೆರೆಯಲಿಲ್ಲ. ಕಲಾತ್ಮಕ ಚಿತ್ರದವರು ಎಂಬ ಹಣೆಪಟ್ಟಿ ಬಿತ್ತು. ಪೋಷಕ ಪಾತ್ರಕ್ಕೆ ಕರೆಯಲು ರಾಷ್ಟ್ರಪ್ರಶಸ್ತಿ ಅಡ್ಡ ಬಂತು, ನಾಯಕನನ್ನಾಗಿ ಮಾಡಲು ಮಾರುಕಟ್ಟೆ ಅಡ್ಡ ಬಂತು. ಅವಕಾಶಗಳು ನಿರೀಕ್ಷಿಸಿದಷ್ಟು ಬರಲಿಲ್ಲವೆಂದು ವಿಜಯ್ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು.

ಪೋಷಕ ನಟರ ಬದುಕು ನಡೆಯುವುದೇ ಕಾಲ್‌ಶೀಟಿನ ದಿನಗಣನೆಯಲ್ಲಿ. ಚಿತ್ರೀಕರಣವಿದ್ದ ದಿನ ಸಂಭಾವನೆ, ಇಲ್ಲದ ದಿನ ಇಲ್ಲ. ಚಿತ್ರ ನಿಂತರೆ ಬಾಕಿಯೂ ನಿಲ್ಲುತ್ತದೆ. ವರ್ಷಕ್ಕೆ ಹತ್ತಾರು ಚಿತ್ರ ಒಪ್ಪಿಕೊಂಡರೆ ಮಾತ್ರ ಮನೆ ನಡೆಯುವ ಈ ಏರ್ಪಾಡಿನಲ್ಲಿ ಒಂದು ಪಾತ್ರಕ್ಕಾಗಿ ತಿಂಗಳುಗಟ್ಟಲೆ ತಯಾರಿ ನಡೆಸುವ ನಟನಿಗೆ ಜಾಗ ಕಡಿಮೆ. ಕಾಫಿ ಹಣ್ಣು ಕುಯ್ಯುವ ಕೂಲಿಯಂತೆ ನಟನ ದುಡಿಮೆಯೂ ಹಂಗಾಮಿನದು.

ವಿಜಯ್ ಸುಮ್ಮನೆ ಕೂರಲಿಲ್ಲ. ‘ಕಿಲ್ಲಿಂಗ್ ವೀರಪ್ಪನ್’, ‘ಸಿಪಾಯಿ’, ‘ರಿಕ್ತ’, ನಾಗಾಭರಣರ ‘ಅಲ್ಲಮ’, ‘ಕೃಷ್ಣ ತುಳಸಿ’, ‘6ನೇ ಮೈಲಿ’, ‘ಜಂಟಲ್‌ಮನ್’, ‘ಆ್ಯಕ್ಟ್ 1978’ ಹೀಗೆ ಕೆಲವು ಕಡೆ ನಾಯಕ, ಕೆಲವು ಕಡೆ ನಾಲ್ಕಾರು ದೃಶ್ಯದ ಪಾತ್ರ. ಮಂಸೋರೆಯವರ ‘ನಾತಿಚರಾಮಿ’ (2018) ಇವುಗಳಲ್ಲಿ ವಿಶೇಷ. ಗಂಡನನ್ನು ಕಳೆದುಕೊಂಡ ಹೆಣ್ಣಿನ ದೇಹದ ಬಯಕೆಯನ್ನು ಗೌರವದಿಂದ ಮಾತಾಡಿದ ಆ ಚಿತ್ರದ ಕೇಂದ್ರ ಶ್ರುತಿ ಹರಿಹರನ್. ವಿಜಯ್ ಅಲ್ಲಿ ಸುರೇಶ್ ಎಂಬ ಸಂಸಾರಸ್ಥ. ಒಳ್ಳೆಯವನೂ ಅಲ್ಲದ, ಖಳನೂ ಅಲ್ಲದ, ನಮ್ಮ ನಡುವೆಯೇ ಓಡಾಡುವ ಸಾಮಾನ್ಯ ಗಂಡಸು. ಮೂರು ವರ್ಷಗಳ ಹಿಂದೆ ವಿದ್ಯಾಳ ನೋವನ್ನು ತನ್ನದಾಗಿಸಿಕೊಂಡ ನಟ ಇಲ್ಲಿ ಗಂಡಸುತನದ 
ಸಣ್ಣತನವನ್ನು ಅಷ್ಟೇ ನಿಷ್ಠೆಯಿಂದ ತೋರಿದ. ಪ್ರೇಕ್ಷಕರ ಪ್ರೀತಿ ಕಳೆದುಕೊಳ್ಳುವ ಭಯವಿದ್ದ ನಟ ಈ ಪಾತ್ರ ಒಪ್ಪುವುದಿಲ್ಲ. ಚಿತ್ರಕ್ಕೆ ಐದು ರಾಷ್ಟ್ರಪ್ರಶಸ್ತಿಗಳು ಬಂದವು.

ಜೂನ್ 2021

ಕೋವಿಡ್ ಎರಡನೇ ಅಲೆ. ಚಿತ್ರೀಕರಣಗಳು ನಿಂತಿದ್ದವು. ಆಮ್ಲಜನಕಕ್ಕಾಗಿ ಜನ ಬೀದಿ ಬೀದಿ ಅಲೆಯುತ್ತಿದ್ದ ದಿನಗಳಲ್ಲಿ ವಿಜಯ್ ಚಿತ್ರಸಾಹಿತಿ ಕವಿರಾಜ್ ಮತ್ತು ಗೆಳೆಯರ ‘ಉಸಿರು’ ತಂಡದ ಜೊತೆ ಸೇರಿ ಕಷ್ಟದಲ್ಲಿದ್ದವರಿಗೆ ಆಮ್ಲಜನಕ ಮುಟ್ಟಿಸುವ ಕೆಲಸ ಮಾಡುತ್ತಿದ್ದರು. ತೆರೆಯ ಮೇಲೆ ಯಾರ ಪಾತ್ರ ಮಾಡಿದ್ದರೋ ಅಂಥವರ ಮನೆಬಾಗಿಲಿಗೆ ಹೋಗುತ್ತಿದ್ದರು.

ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಅವರು ಹಿಂದೆ ಕೂತಿದ್ದ ಬೈಕು ಜಾರಿ ಅಪಘಾತವಾಯಿತು. ತಲೆಗೆ ತೀವ್ರ ಪೆಟ್ಟು. ಶಸ್ತ್ರಚಿಕಿತ್ಸೆ ನಡೆದರೂ ಪ್ರಜ್ಞೆ ಬರಲಿಲ್ಲ. 14ರಂದು ಮಿದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ತಿಳಿಸಿದಾಗ ಕುಟುಂಬದವರು ಆ ದುಃಖದ ನಡುವೆಯೇ ಅಂಗಾಂಗ ದಾನಕ್ಕೆ ಒಪ್ಪಿದರು. ಯಕೃತ್ತು, ಮೂತ್ರಪಿಂಡಗಳು, ಹೃದಯದ ಕವಾಟಗಳು, ಕಣ್ಣು ಬೇರೆ ಬೇರೆಯವರಿಗೆ ಹೋದವು. 15ರಂದು ರವೀಂದ್ರ ಕಲಾಕ್ಷೇತ್ರದಲ್ಲಿ ರಂಗಭೂಮಿಯ ಬಂಧುಗಳು ಅಂತಿಮ ದರ್ಶನ ಪಡೆದರು. ನಂತರ ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಮೂವತ್ತೆಂಟು ತುಂಬಲು ಇನ್ನೂ ಒಂದು ತಿಂಗಳಿತ್ತು. ಅಮೆರಿಕದ ಫ್ರಾಂಕ್ಲಿನ್ ಥಿಯೇಟರ್ ತನ್ನ ಫಲಕದ ಮೇಲೆ ಈ ಕನ್ನಡ ನಟನ ಹೆಸರು ಬರೆದು ಗೌರವ ಸಲ್ಲಿಸಿತು.

ಹೋದ ಮೇಲೆ ಬಂದ ಪಾತ್ರಗಳು

ಅವರು ಮುಗಿಸಿಟ್ಟಿದ್ದ ಚಿತ್ರಗಳು ಒಂದೊಂದಾಗಿ ಹೊರಬಂದವು. ಅರವಿಂದ್ ಕುಪ್ಳೀಕರ್ ಅವರ ‘ಪುಕ್ಸಟ್ಟೆ ಲೈಫು’ 2021ರ ಸೆಪ್ಟೆಂಬರಿನಲ್ಲಿ ಬಂತು. ವಿಜಯ್ ಅಲ್ಲಿ ಶಹಜಹಾನ್, ಬೀಗದ ಕೈ ಮಾಡುವವನು. ಯಾವ ಬೀಗವನ್ನಾದರೂ ತೆಗೆಯಬಲ್ಲ ಕುಶಲಿ ಪೊಲೀಸರ ದುರಾಸೆಯ ಬಲೆಗೆ ಬೀಳುವ ಕಥೆ. ಅಚ್ಯುತ್ ಕುಮಾರ್, ರಂಗಾಯಣ ರಘು ಅವರಂಥ ಘಟಾನುಘಟಿಗಳ ಎದುರು ವಿಜಯ್ ದನಿ ತಗ್ಗಿಸಿ ಆಡುತ್ತಾರೆ, ದೃಶ್ಯ ಅವರತ್ತಲೇ ವಾಲುತ್ತದೆ.

2022ರಲ್ಲಿ ತೆರೆಕಂಡ ಪ್ರವೀಣ್ ಕೃಪಾಕರ್ ಅವರ ‘ತಲೆದಂಡ’ದಲ್ಲಿ ಅವರು ಕುನ್ನ. ಕಾಡಿನ ಸಮುದಾಯದ, ಬುದ್ಧಿಯ ಬೆಳವಣಿಗೆ ಕಡಿಮೆಯಿರುವ ಯುವಕ. ರಸ್ತೆಗಾಗಿ ಮರ ಕಡಿಯಲು ಬಂದಾಗ ಮರದ ಪರ ನಿಲ್ಲುವವನು ಅವನೇ. 68ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರ ಪ್ರಶಸ್ತಿ ಇದಕ್ಕೆ ಬಂತು. ಮಲೆನಾಡಿನವರು ಈ ಚಿತ್ರವನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ. ಚಾರ್ಮಾಡಿಯಿಂದ ಕುದುರೆಮುಖದವರೆಗೆ ರಸ್ತೆ, ಗಣಿ, ಅಣೆಕಟ್ಟುಗಳ ಹೆಸರಲ್ಲಿ ಉರುಳಿದ ಮರಗಳ ಲೆಕ್ಕ ಈ ಸೀಮೆಗೆ ಗೊತ್ತು. ಕುದುರೆಮುಖದ ಗಣಿ ನಿಂತದ್ದೂ ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ತೀರ್ಪಿನ ನಂತರವೇ.

ಶರಣಪ್ಪ, ವಿದ್ಯಾ, ಶಹಜಹಾನ್, ಕುನ್ನ. ಹತ್ತು ವರ್ಷಗಳಷ್ಟು ಚಿಕ್ಕ ಚಿತ್ರಬದುಕಿನಲ್ಲಿ ಉತ್ತರ ಕರ್ನಾಟಕದ ರೈತ, ಲಿಂಗತ್ವ ಅಲ್ಪಸಂಖ್ಯಾತ ಹೆಣ್ಣು, ಮುಸ್ಲಿಂ ಕುಶಲಕರ್ಮಿ, ಕಾಡಿನ ಮಗ ಇಷ್ಟೂ ಜನರಿಗೆ ಒಬ್ಬ ನಟ ತನ್ನ ಮೈ ಕೊಟ್ಟ. ಇವರೆಲ್ಲ ನಮ್ಮ ಸಿನಿಮಾದ ಚೌಕಟ್ಟಿನ ಅಂಚಿನಲ್ಲಿ ನಿಲ್ಲುವವರು. ಕನ್ನಡ ಚಿತ್ರರಂಗಕ್ಕೆ ಇಂಥ ನಟ ಸಿಕ್ಕಿದ್ದ, ಅವನನ್ನು ಪೂರ್ತಿ ಬಳಸಿಕೊಳ್ಳುವ ಧೈರ್ಯ ಅದಕ್ಕೆ ಇರಲಿಲ್ಲ. ಇದು ಕಹಿಯಾದರೂ ಹೇಳಬೇಕಾದ ಮಾತು. 2024ರ ಆಗಸ್ಟಿನಲ್ಲಿ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿಯವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಘೋಷಣೆಯಾದಾಗ ನಾಡು ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಅವರಿಗಿಂತ ಮುಂಚಿನ ಮೂರು ಹೆಸರುಗಳನ್ನು ಎಷ್ಟು ಜನ ಹೇಳಬಲ್ಲರು ಎಂಬುದನ್ನೂ ಯೋಚಿಸಬೇಕು.

ಜಿಲ್ಲೆ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನವಿದೆ. ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರವಿದೆ. ಕಡೂರು, ಮೂಡಿಗೆರೆ, ಕಳಸಗಳಲ್ಲಿ ಕಾಲೇಜುಗಳಿವೆ. ವರ್ಷಕ್ಕೊಮ್ಮೆ, ವಿಜಯ್ ಹುಟ್ಟಿದ ಜುಲೈ ತಿಂಗಳಲ್ಲಿ, ‘ತಬರನ ಕಥೆ’ಯನ್ನೂ ‘ಹರಿವು’, ‘ನಾನು ಅವನಲ್ಲ... ಅವಳು’, ‘ತಲೆದಂಡ’ಗಳನ್ನೂ ಈ ಊರುಗಳ ಮಕ್ಕಳಿಗೆ ತೋರಿಸಲಿ. ಚಿತ್ರ ಮುಗಿದ ಮೇಲೆ ಬಾಗಿಲಲ್ಲೊಂದು ಮೇಜು ಹಾಕಿ, ರಾಜ್ಯದ ಅಂಗಾಂಗ ದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸುವುದು ಹೇಗೆಂದು ಹೇಳಿಕೊಡಲಿ. ಓದುಗರು ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಈ ಭಾನುವಾರವೇ ಈ ನಾಲ್ಕರಲ್ಲಿ ಒಂದನ್ನಾದರೂ ಮನೆಯವರ ಜೊತೆ ಕೂತು ನೋಡಿ.